ಪತ್ತನಾಜೆಯ ಪರೀಕ್ಷೆ

ತುಳುವರ ಬೇಶ ತಿಂಗಳ ಹತ್ತನೆಯ ದಿನವೇ ಪತ್ತನಾಜೆ. ಮೇ ತಿಂಗಳ 24 ಅಥವಾ 25ರ ಸುಮಾರಿಗೆ ಬರುವ ಆ ದಿನ ಯಕ್ಷಗಾನ ಮೇಳಗಳು ತಿರುಗಾಟವನ್ನು ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಇನ್ನು ಮುಂದಿನ ಆಟವೆಲ್ಲ ಮಳೆರಾಯನದು. ಮಂಗಳೂರಿನ ಹಿಂದಿನ ಗೃಹಸ್ಥರು ಅಷ್ಟರೊಳಗೆ ಕಟ್ಟಿಗೆಯನ್ನು ಒಳಗಿರಿಸಿ, ಹಪ್ಪಳ ಸಂಡಿಗೆಗಳನ್ನು ಡಬ್ಬಕ್ಕೆ ತುಂಬಿಸಿ, ಮಾಡಿನ ಮೇಲೆ ಆಳನ್ನು ಹತ್ತಿಸಿ ಒಡಕು ಹಂಚುಗಳನ್ನು ಬದಲಾಯಿಸುತ್ತಿದ್ದರು. ಸೋರಿದ ಮೇಲೆ ನೋಡೋಣವೆಂದು ಕುಳಿತವನನ್ನು ಊರು ಜಾಣನೆನ್ನುತ್ತಿರಲಿಲ್ಲ.

ಇಂದು ಹಂಚಿನ ಮಾಡುಗಳು ವಿರಳವಾಗಿವೆ; ಮಳೆ ಮಾತ್ರ ವಿರಳವಾಗಿಲ್ಲ. ವರ್ಷಕ್ಕೆ 3500 ಮಿಲಿಮೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ ಸುರಿಯುವ ನೀರಿನ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಬೀಳುತ್ತದೆ. ಗಾಳಿಗೆ ಮುರಿದ ಕೊಂಬೆಯೋ ತೆಂಗಿನ ಮಡಲೋ ತಂತಿಯ ಮೇಲೆ ಬಿದ್ದರೆ ಬೀದಿಗೆ ಬೀದಿಯೇ ಕತ್ತಲಾಗುತ್ತದೆ. ಆ ಕತ್ತಲೆಗೆಂದೇ ಮನೆಯ ಮೂಲೆಯಲ್ಲೊಂದು ಇನ್ವರ್ಟರು, ಅದರ ಬದಿಯಲ್ಲಿ ಬ್ಯಾಟರಿ. ಈ ಬ್ಯಾಟರಿಯನ್ನು ಬದಲಾಯಿಸುವುದು ಯಾವಾಗ? ‘ಕೈಕೊಟ್ಟಾಗ’ ಎಂಬುದೇ ಹೆಚ್ಚಿನ ಮನೆಗಳ ಉತ್ತರ.

ಒಡೆದ ಹಂಚು ಮೊದಲ ಮಳೆಗೇ ತೊಟ್ಟಿಕ್ಕಿ ತನ್ನ ದೋಷವನ್ನು ಸಾರುತ್ತದೆ. ಬ್ಯಾಟರಿ ಹಾಗಲ್ಲ. ಕರೆಂಟು ಇರುವಷ್ಟು ಕಾಲ ಅದು ನಿರೋಗಿಯಂತೆಯೇ ಕಾಣುತ್ತದೆ, ಹಸಿರು ದೀಪ ಉರಿಯುತ್ತಿರುತ್ತದೆ, ವೋಲ್ಟ್‌ಮೀಟರು 12.6ನ್ನು ತೋರಿಸಲೂಬಹುದು. ಬಾವಿಯಲ್ಲಿ ನೀರು ಮೇಲಿನವರೆಗೆ ಕಂಡರೂ ಒಳಗೆ ಹೂಳು ತುಂಬಿದ್ದರೆ ಹತ್ತು ಕೊಡ ಸೇದುವಷ್ಟರಲ್ಲಿ ತಳ ಕಾಣುವುದಿಲ್ಲವೆ? ವೋಲ್ಟ್‌ಮೀಟರು ಹೇಳುವುದು ನೀರಿನ ಮಟ್ಟವನ್ನು; ಹೂಳನ್ನಲ್ಲ.

ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ ಮತ್ತು ಆಮ್ಲದ ಬ್ಯಾಟರಿಯ ಸಂತತಿಯೇ ಇಂದಿಗೂ ಅನೇಕ ಮನೆಗಳಲ್ಲಿದೆ. ಖಾಲಿಯಾಗುವಾಗ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ, ಚಾರ್ಜಾಗುವಾಗ ಮರೆಯಾಗುತ್ತದೆ. ಬಹುಕಾಲ ಖಾಲಿಯಾಗಿಯೇ ಉಳಿದರೆ ಆ ಸಲ್ಫೇಟು ಗಟ್ಟಿಗೊಂಡು, ಫಲಕದ ಅಷ್ಟು ಭಾಗ ನಿಷ್ಪ್ರಯೋಜಕವಾಗುತ್ತದೆ. ಸೆಕೆ ಇನ್ನೊಂದು ಶತ್ರು. 25 ಡಿಗ್ರಿ ಸೆಲ್ಸಿಯಸ್ಸಿಗೆ ಲೆಕ್ಕ ಹಾಕಿದ ಆಯುಷ್ಯವು ಪ್ರತಿ 8ರಿಂದ 10 ಡಿಗ್ರಿಯ ಏರಿಕೆಗೆ ಸುಮಾರು ಅರ್ಧಕ್ಕಿಳಿಯುವುದೆಂಬುದು ಎಂಜಿನಿಯರರ ಸೂತ್ರ. ಮೆಟ್ಟಿಲಡಿಯ ಗಾಳಿಯಾಡದ ಗೂಡಿನಲ್ಲಿ ಮಂಗಳೂರಿನ ಬೇಸಗೆಯನ್ನು ಕಳೆಯುವ ಬ್ಯಾಟರಿಗೆ ವಾರಂಟಿ ಪತ್ರದ ವರ್ಷಗಳನ್ನು ನಂಬಿ ಫಲವೇನು?

ಆದುದರಿಂದ ಪತ್ತನಾಜೆಗೆ ಮುನ್ನ ಒಂದು ಭಾನುವಾರ ಪರೀಕ್ಷೆ ನಡೆಯಲಿ. ಮೊದಲು ಡಿಸ್ಟಿಲ್ಡ್ ವಾಟರಿನ ಮಟ್ಟವನ್ನು ನೋಡಬೇಕು. ಇನ್ವರ್ಟರನ್ನು ಆರಿಸಿ, ಟರ್ಮಿನಲ್ಲುಗಳ ಕಿಲುಬನ್ನು ತೆಗೆಯಿಸಿ, ಬಿಗಿಗೊಳಿಸಬೇಕು. ಕಿಲುಬಿನ ತಪ್ಪಿಗೆ ಒಳ್ಳೆಯ ಬ್ಯಾಟರಿ ಗುಜರಿಗೆ ಹೋಗಬಾರದಷ್ಟೆ. ಅನಂತರ ಪೂರ್ತಿ ಚಾರ್ಜು ಮಾಡಿ, ಮೇನ್ ಸ್ವಿಚ್ಚನ್ನು ತೆಗೆದು, ಗೊತ್ತಾದಷ್ಟು ಫ್ಯಾನು ದೀಪಗಳನ್ನು ಹಾಕಿ, ಇನ್ವರ್ಟರು ಎಚ್ಚರಿಕೆಯ ಸದ್ದು ಮಾಡುವವರೆಗಿನ ಸಮಯವನ್ನು ಕ್ಯಾಲೆಂಡರಿನಲ್ಲಿ ಗುರುತಿಸಬೇಕು. ಒಡನೆಯೇ ಮರಳಿ ಚಾರ್ಜಿಗೆ ಹಾಕಬೇಕು. ಹೊಸತರಲ್ಲಿ ಎಷ್ಟು ಹೊತ್ತು ನಡೆದಿತ್ತು, ಈಗ ಎಷ್ಟು? ವರ್ಷ ವರ್ಷದ ಈ ಹೋಲಿಕೆಯೇ ಬ್ಯಾಟರಿಯ ನಿಜವಾದ ಜಾತಕ.

ಶಕ್ತಿ ನೂರಕ್ಕೆ 80ಕ್ಕಿಳಿದರೆ ಬದಲಾಯಿಸುವುದು ದೊಡ್ಡ ಸ್ಥಾವರಗಳಲ್ಲಿಯ ವಾಡಿಕೆ. ಅಲ್ಲಿಂದಾಚೆಗೆ ಇಳಿತ ವೇಗವಾಗುತ್ತದೆ. ಎಲ್ಲ ಮನೆಗಳಿಗೂ ಅಷ್ಟು ಕಟ್ಟುನಿಟ್ಟು ಬೇಡ. ಫ್ಯಾನು ನಿಂತರೆ ಬೀಸಣಿಗೆಯಿದೆಯೆನ್ನುವವರು ಶಕ್ತಿ ಅರ್ಧಕ್ಕಿಳಿಯುವವರೆಗೂ ಕಾಯಬಹುದು. ಆದರೆ ಆಮ್ಲಜನಕದ ಯಂತ್ರವನ್ನು ನಂಬಿದ ಹಿರಿಯರಿರುವ ಮನೆಯ ಮಾತೇ ಬೇರೆ. ಅಂಥ ಯಂತ್ರಕ್ಕೆ ಸುಮಾರು 350 ವಾಟ್ ಬೇಕು. 150 ಆಂಪಿಯರ್-ಅವರಿನ 12 ವೋಲ್ಟಿನ ಹೊಸ ಬ್ಯಾಟರಿಯೊಂದು, ನಷ್ಟಗಳನ್ನು ಕಳೆದರೆ, ಅದನ್ನು ಮೂರು ಮೂರೂವರೆ ತಾಸು ನಡೆಸೀತು. ಅರ್ಧ ಸವೆದದ್ದು ಎರಡು ತಾಸೂ ನಡೆಸದು. ಮರ ಬಿದ್ದ ರಾತ್ರಿ ಲೈನ್‌ಮನ್ ಬರುವವರೆಗೆ ಆ ವ್ಯತ್ಯಾಸವೇ ಉಸಿರು. ಅಂಥಲ್ಲಿ 80ರ ಗೆರೆಯನ್ನು ದಾಟಗೊಡಬಾರದು. ಜೊತೆಗೆ ಸಿಲಿಂಡರೊಂದು ಸಿದ್ಧವಿರಬೇಕು. ಪರೀಕ್ಷೆಗೆ ಮಾತ್ರ ಆ ಯಂತ್ರವನ್ನು ಬಳಸದೆ, ಅಷ್ಟೇ ವಾಟಿನ ಬೇರೆ ಉಪಕರಣಗಳನ್ನು ಹಾಕಬೇಕು. ಅಷ್ಟು ಹೊತ್ತೂ ಯಂತ್ರಕ್ಕೆ ಸಿಲಿಂಡರು ಬದಲಿಯಾಗಿರಲಿ.

ಎರಡು ಬ್ಯಾಟರಿಗಳು ಸರಣಿಯಲ್ಲಿದ್ದರೆ ಎರಡನ್ನೂ ಒಟ್ಟಿಗೆ ಬದಲಾಯಿಸುವುದೇ ಲೇಸು. ಹಳೆಯದು ಹೊಸದನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ. ಕಂಪ್ಯೂಟರಿನ ಯುಪಿಎಸ್ಸಿನೊಳಗಿನ ಚಿಕ್ಕ ಬ್ಯಾಟರಿಯ ಮೈ ಉಬ್ಬಿದ್ದರೆ ಪರೀಕ್ಷೆಯೇ ಬೇಡ, ತೆಗೆಸಬೇಕು. ತೆಗೆದುದನ್ನು ಅಂಗಡಿಗೇ ಮರಳಿಸಬೇಕು: ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ನಾಲ್ಕು ಕಾಸಿನಾಸೆಗೆ ಸಿಕ್ಕವರ ಕೈಗೆ ಕೊಟ್ಟರೆ, ಅವರು ಹಿತ್ತಿಲಲ್ಲಿ ಚೆಲ್ಲಿದ ಸೀಸದ ಆಮ್ಲ ಯಾರ ಬಾವಿಗೆ ಇಳಿದೀತೆಂದು ಯಾರು ಬಲ್ಲರು?

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಗೆ ಎಲ್ಲರೂ ನಗುತ್ತಾರೆ. ಜೂನಿನ ನಡುರಾತ್ರಿ ಬ್ಯಾಟರಿಯಂಗಡಿಯವನ ಬಾಗಿಲು ತಟ್ಟುವುದು ಅದಕ್ಕಿಂತ ಬೇರೆಯಲ್ಲ. ಮೇ ತಿಂಗಳ ಒಂದು ಭಾನುವಾರದ ಕೆಲವು ತಾಸು ಇದಕ್ಕೆ ಮೀಸಲಾದರೆ, ಮಳೆಯ ಸದ್ದಿಗೆ ಮನೆಮಂದಿ ನೆಮ್ಮದಿಯಿಂದ ನಿದ್ರಿಸಬಹುದು.