ಸಿಪಾಯಿ ಹೌದೆಂದು ಸಿಪಾಯಿಯೇ ರುಜುವಾತು ಮಾಡಬೇಕೆ?

ಹಾಸ್ಟೆಲಿನ ಗೆಳೆಯರೆ,

ಸೊರಬ ಎಂದರೆ ಹೊರಗಿನವರಿಗೆ 1986ರ ಚಂದ್ರಗುತ್ತಿ ನೆನಪಾಗುತ್ತದೆ. ಬೆತ್ತಲೆ ಸೇವೆ ನಿಲ್ಲಿಸಿ ಎಂದು ಹೋದವರನ್ನೇ, ಪೊಲೀಸರನ್ನೂ ಸೇರಿಸಿ, ಹೊಡೆದು ಬೆತ್ತಲೆ ಮಾಡಿದ ವರ್ಷ ಅದು. ಆ ಅವಮಾನ ದೇಶಕ್ಕೆಲ್ಲ ಕೇಳಿಸಿತು. ಈಗ ನಾವು ಹೇಳಹೊರಟಿರುವ ಅವಮಾನಕ್ಕೆ ಅಂಥ ಸದ್ದಿಲ್ಲ. ಕಚೇರಿಯ ಕಿಟಕಿಯ ಮುಂದೆ ಪ್ಲಾಸ್ಟಿಕ್ ಕವರ್ ಹಿಡಿದು ನಿಂತ ಮುದುಕನಿಗೆ ಅದು ಮೆಲ್ಲಗೆ ಆಗುತ್ತದೆ. "ನೀನು ಮಿಲಿಟರೀಲಿ ಇದ್ದೆ ಅನ್ನೋದಕ್ಕೆ ಏನಪ್ಪ ಪುರಾವೆ?"

ಕೇರಿಯ ಎಷ್ಟೋ ಮನೆಗಳಿಂದ ಗಂಡುಮಕ್ಕಳು ಸೈನ್ಯಕ್ಕೆ ಹೋದರು. ಊರಿನಲ್ಲಿ ಜೀತ ಮಾಡುವುದಕ್ಕಿಂತ ಗಡಿಯಲ್ಲಿ ಗುಂಡಿಗೆ ಎದೆ ಕೊಡುವುದು ಲೇಸು ಎಂದು ಹೋದರು. ಹಿಂದಕ್ಕೆ ಬಂದವರು ಮುದುಕರಾದರು. ಈಗ ಮಕ್ಕಳಿಗೊಂದು ಗಟ್ಟಿ ಮನೆ ಕಟ್ಟಿಸೋಣ, ಮಾಜಿ ಸೈನಿಕರಿಗೆ ಸಾಲ ಸೌಲಭ್ಯ ಇದೆಯಂತೆ ಎಂದು ಅರ್ಜಿ ಹಿಡಿದು ಹೊರಟರೆ ಮೊದಲ ಮೆಟ್ಟಿಲಲ್ಲೇ ಎಡವುತ್ತಾರೆ.

ಏನೇನು ಕೇಳುತ್ತಾರೆ? ಡಿಸ್ಚಾರ್ಜ್ ಬುಕ್ ಬೇಕು. ಪಿಂಚಣಿ ಆದೇಶದ ಪ್ರತಿ ಬೇಕು. ಸೈನಿಕ ಕಲ್ಯಾಣ ಇಲಾಖೆಯ ಗುರುತಿನ ಚೀಟಿ ಬೇಕು. ಹದಿನೈದು ವರ್ಷ ಸೇವೆ ತುಂಬದೆ ಬಂದ ಸಿಪಾಯಿಗೆ ಸಾಮಾನ್ಯವಾಗಿ ಪಿಂಚಣಿಯೇ ಇಲ್ಲ. ಇನ್ನು ಪಿಂಚಣಿ ಆದೇಶ ಎಲ್ಲಿಂದ ತರುತ್ತಾನೆ? ಗುರುತಿನ ಚೀಟಿಗೆ ಹೋದರೆ ಡಿಸ್ಚಾರ್ಜ್ ಬುಕ್ ತಾ ಎನ್ನುತ್ತಾರೆ. ಕಡೆಗೆ ಎಲ್ಲವೂ ಆ ಒಂದು ಪುಸ್ತಕಕ್ಕೆ ಬಂದು ನಿಲ್ಲುತ್ತದೆ.

ಆ ಪುಸ್ತಕ ಎಲ್ಲಿತ್ತು? ಸೋಗೆ ಮಾಡಿನ ಗುಡಿಸಲಲ್ಲಿ, ತಗಡಿನ ಟ್ರಂಕಿನಲ್ಲಿ ಇತ್ತು. ಮಲೆನಾಡಿನ ಸೆರಗಿನ ಮಳೆ, ಮಣ್ಣಿನ ಗೋಡೆ, ಗೆದ್ದಲು. ಮೂವತ್ತು ನಲವತ್ತು ವರ್ಷ ಒಂದು ಕಾಗದ ಅಲ್ಲಿ ಉಳಿಯುತ್ತದೆಯೆ? ನೋಡಿ ಗೆಳೆಯರೆ, ಲೆಕ್ಕ ಹೇಗಿದೆ! ಕಾಗದ ನೆನೆಯದಂತೆ ಇಡೋಕೆ ಮನೆ ಬೇಕು. ಮನೆ ಕಟ್ಟೋಕೆ ಕಾಗದ ಬೇಕು. ಹೆಂಚಿನ ಮನೆಯವನ ಕಾಗದ ಉಳಿಯುತ್ತದೆ, ಸೋಗೆಯವನದು ಕರಗುತ್ತದೆ. ಕಾನೂನು ಇಬ್ಬರಿಗೂ ಒಂದೇ ಎಂದು ಸಾಹೇಬರು ಹೇಳುತ್ತಾರೆ!

ಕಾಗದ ಉಳಿದವನ ಪಾಡೂ ಸುಖವಿಲ್ಲ. ಭರ್ತಿಯಾದ ದಿನ ನಮ್ಮ ಭಾಷೆ ಬಾರದ ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಹೆಸರು ಬರೆದುಕೊಂಡ. ಅಪ್ಪನ ಹೆಸರಿನ ಜಾಗದಲ್ಲಿ ಊರಿನ ಹೆಸರು, ಹುಟ್ಟಿದ ದಿನದ ಜಾಗದಲ್ಲಿ ಅಂದಾಜು. ಈಗ ಡಿಸ್ಚಾರ್ಜ್ ಬುಕ್ಕಿಗೂ ಆಧಾರಿಗೂ ಹೆಸರು ತಾಳೆಯಾಗುವುದಿಲ್ಲ. ಗಂಡ ಸತ್ತ ಹೆಂಗಸಿನ ಕಷ್ಟ ಇನ್ನೂ ದೊಡ್ಡದು. ಅವಳ ಹೆಸರೇ ಸೈನ್ಯದ ದಾಖಲೆಗೆ ಸೇರಿಲ್ಲದಿದ್ದರೆ, ಸತ್ತವನ ಹೆಂಡತಿ ಹೌದೆಂದು ಈ ವಯಸ್ಸಿನಲ್ಲಿ ಅವಳು ಸಾಬೀತು ಮಾಡಬೇಕು.

ಇಲ್ಲಿ ಒಂದು ಪ್ರಶ್ನೆ. ಸಿಪಾಯಿಯ ಹತ್ತಿರ ಇದ್ದದ್ದು ಒಂದು ಪ್ರತಿ. ಸರ್ಕಾರದ ಹತ್ತಿರವೂ ದಾಖಲೆ ಇತ್ತಲ್ಲ? ಪ್ರತಿ ರೆಜಿಮೆಂಟಿಗೂ ರೆಕಾರ್ಡ್ ಆಫೀಸು ಇದೆ. ಭರ್ತಿ, ಬಡ್ತಿ, ರಜೆ, ಶಿಕ್ಷೆ, ಬಿಡುಗಡೆ ಎಲ್ಲ ಅಲ್ಲಿ ದಾಖಲಾಗುತ್ತದೆ. ಆದರೆ ಪಿಂಚಣಿ ಇಲ್ಲದ ಸಿಪಾಯಿಯ ಸೇವಾ ದಾಖಲೆಯನ್ನು ಬಿಡುಗಡೆಯಾಗಿ 25 ವರ್ಷವಾದ ಮೇಲೆ ನಾಶ ಮಾಡಬಹುದು ಎಂದು ಸೈನ್ಯದ ನಿಯಮವೇ ಹೇಳುತ್ತದೆ. ಪಿಂಚಣಿದಾರನದಾದರೆ 50 ವರ್ಷ ಇಡುತ್ತಾರೆ. ಅಂದರೆ ಯಾರಿಗೆ ಏನೂ ಸಿಗಲಿಲ್ಲವೋ ಅವರ ಕಾಗದವೇ ಮೊದಲು ನಾಶವಾಗುತ್ತದೆ. ತನ್ನ ಪ್ರತಿಯನ್ನು ತಾನೇ ಹರಿದ ಸರ್ಕಾರ, "ನಿನ್ನ ಪ್ರತಿ ಎಲ್ಲಿ?" ಎಂದು ಬಡವನನ್ನು ಕೇಳುತ್ತದೆ. ಯಾವ ನ್ಯಾಯ ಸ್ವಾಮಿ ಇದು?

ಪುರಾವೆಯ ಭಾರ ಯಾರ ಮೇಲೆ ಇರಬೇಕು ಎಂಬುದಕ್ಕೆ ದೂರ ಹೋಗಬೇಕಿಲ್ಲ, ಶಿಕಾರಿಪುರ ಸೊರಬದ ಮಣ್ಣಲ್ಲೇ ಉತ್ತರ ಇದೆ. ಈ ಎರಡು ತಾಲ್ಲೂಕುಗಳಲ್ಲಿ ವೀರಗಲ್ಲು ಇಲ್ಲದ ಊರು ಹುಡುಕುವುದೇ ಕಷ್ಟ. ಕೆರೆ ಏರಿಯ ಮೇಲೆ, ಗುಡಿಯ ಮುಂದೆ, ಗದ್ದೆಯ ಬದುವಿನಲ್ಲಿ ನಿಂತಿವೆ. ಕೆಳಗಡೆ ಕಾದಾಟ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ದನ ಕಾಯಲು ಹೋರಾಡಿ ಸತ್ತವನಿಗೂ ಕಲ್ಲು, ಊರಿನ ಗಡಿಗಾಗಿ ಸತ್ತವನಿಗೂ ಕಲ್ಲು. ಸತ್ತವನ ಮನೆಯವರಿಗೆ ಭೂಮಿ ಬಿಟ್ಟದ್ದೂ ಉಂಟು. ಅದಕ್ಕೆ ನೆತ್ತರುಗೊಡಗೆ ಎಂಬ ಹೆಸರಿತ್ತು. ಆ ಕಾಲವೇನೂ ಸತ್ಯಯುಗವಲ್ಲ. ಜಾತಿ ಆಗಲೂ ಇತ್ತು, ಹೊಲಗೇರಿ ಆಗಲೂ ಊರಾಚೆಯೇ ಇತ್ತು. ಅರಸರನ್ನು ಹೊಗಳುವ ಕೆಲಸ ನಮ್ಮದಲ್ಲ. ಆದರೆ ಒಂದು ಮಾತು ಗಮನಿಸಿ: ಕಲ್ಲು ನಿಲ್ಲಿಸಿದ್ದು ಉಳಿದವರು. ಯಾರಿಗಾಗಿ ಅವನು ಕಾದನೋ ಅವರೇ ಅವನ ದಾಖಲೆ ಇಟ್ಟರು. ಸಾವಿರ ವರ್ಷದ ಹಿಂದೆ ಒಂದು ಹಳ್ಳಿ ಮಾಡಿದ ಕೆಲಸ ಇವತ್ತು ದೆಹಲಿ ಸರ್ಕಾರಕ್ಕೆ ಆಗುವುದಿಲ್ಲವೆ?

ಅದು ಹಳೇ ಕಥೆ ಎನ್ನುವವರಿಗೆ ಈಸೂರು ಇದೆ. ಅದೂ ಶಿಕಾರಿಪುರ ತಾಲ್ಲೂಕೇ. 1942ರಲ್ಲಿ ತಾವು ಸ್ವತಂತ್ರ ಎಂದು ಸಾರಿಕೊಂಡ ಊರು, 1943ರಲ್ಲಿ ಐದು ಜನರನ್ನು ಗಲ್ಲಿಗೆ ಕೊಟ್ಟ ಊರು. ಸ್ವಾತಂತ್ರ್ಯ ಹೋರಾಟಗಾರರಿಗೆ 1972ರಲ್ಲಿ ಕೇಂದ್ರ ಸರ್ಕಾರ ಪಿಂಚಣಿ ತಂದಿತು. ಅಲ್ಲೂ ಇದೇ ಪ್ರಶ್ನೆ ಬಂತು. ಜೈಲಿನ ದಾಖಲೆ ಸಿಗದಿದ್ದರೆ ಏನು ಮಾಡುವುದು? ನಿಯಮದಲ್ಲೇ ದಾರಿ ಮಾಡಿದರು. ದಾಖಲೆ ಲಭ್ಯವಿಲ್ಲ ಎಂದು ಕಚೇರಿ ಬರೆದುಕೊಟ್ಟರೆ, ಜೊತೆಗೆ ಜೈಲಿನಲ್ಲಿದ್ದ ಇಬ್ಬರು ಹೋರಾಟಗಾರರು ಸಾಕ್ಷಿ ಹೇಳಿದರೆ ಸಾಕು ಎಂದರು. 2001ರಲ್ಲಿ ಗುರ್ದಿಯಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇಂಥ ಅರ್ಜಿಗಳಿಗೆ ಕ್ರಿಮಿನಲ್ ಕೇಸಿನ ಮಟ್ಟದ ಪುರಾವೆ ಕೇಳಬಾರದು ಎಂದಿತು. ಹೌದು, ಸರಿಯಾಗಿಯೇ ಹೇಳಿತು. ಜೈಲಿನ ಜೊತೆಗಾರನ ಮಾತು ನಂಬುವ ಸರ್ಕಾರ, ಒಂದೇ ಬ್ಯಾರಕ್ಕಿನಲ್ಲಿ ಮಲಗಿ ಒಂದೇ ಕಂದಕದಲ್ಲಿ ಕೂತ ಸಿಪಾಯಿಯ ಮಾತನ್ನು ಯಾಕೆ ನಂಬಬಾರದು?

"ಹಾಗೆ ಬಿಟ್ಟರೆ ಬೋಗಸ್ ಸಿಪಾಯಿಗಳು ಬರ್ತಾರೆ" ಎಂಬ ವಾದ ಬರುತ್ತದೆ. ಬರಲಿ, ತನಿಖೆ ಮಾಡಿ. ಯಾವ ಪಲ್ಟನ್, ನಂಬರ್ ಎಷ್ಟು, ತರಬೇತಿ ಎಲ್ಲಿ, ಯಾವ ಠಾಣ್ಯ ಎಂದು ಕೇಳಿ. ಸುಳ್ಳು ಸಿಪಾಯಿ ಐದು ನಿಮಿಷಕ್ಕೆ ತೊದಲುತ್ತಾನೆ. ನಿಜವಾದವನು ಹೆಂಡತಿಯ ಹೆಸರು ಮರೆತರೂ ತನ್ನ ನಂಬರ್ ಮರೆಯುವುದಿಲ್ಲ. ಇನ್ನು ಬೋಗಸ್ ಕಾಗದ ಮಾಡಿಸಲು ದುಡ್ಡು ಬೇಕು, ವಶೀಲಿ ಬೇಕು. ಕೇರಿಯವನ ಹತ್ತಿರ ಅದಿದ್ದಿದ್ದರೆ ಅವನು ನಿಮ್ಮ ಕಿಟಕಿಗೆ ಯಾಕೆ ಬರುತ್ತಿದ್ದ?

ನಮ್ಮವರನ್ನು ಸಿಪಾಯಿ ಅಲ್ಲ ಎನ್ನುವುದು ಇವತ್ತಿನ ರೋಗವಲ್ಲ. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರು. ಕೋರೆಗಾಂವದಲ್ಲಿ 1818ರಲ್ಲಿ ಕಾದವರ ಜಾತಿಯನ್ನೇ ಬ್ರಿಟಿಷರು 1890ರ ದಶಕದಲ್ಲಿ ಭರ್ತಿಯಿಂದ ಹೊರಗಿಟ್ಟರು, ನೀವು ವೀರಜಾತಿಯವರಲ್ಲ ಎಂದರು. ಸೈನ್ಯದಿಂದ ನಿವೃತ್ತರಾದ ಗೋಪಾಲ ಬಾಬಾ ವಲಂಗಕರ್ 1894ರಲ್ಲಿ ಅರ್ಜಿ ಬರೆದು, ನಾವು ಸಿಪಾಯಿಗಳು ಎಂದು ವಾದಿಸಬೇಕಾಯಿತು. ಮೊದಲ ಮಹಾಯುದ್ಧದಲ್ಲಿ ಆಳು ಸಾಲದಾದಾಗ 1917ರಲ್ಲಿ ಮಹಾರ್ ಪಲ್ಟನ್ ಕಟ್ಟಿದರು, ಯುದ್ಧ ಮುಗಿದ ಮೇಲೆ 1921ರಲ್ಲಿ ಮುರಿದರು. ಮತ್ತೆ ಯುದ್ಧ ಬಂದಾಗ 1941ರಲ್ಲಿ ಮಹಾರ್ ರೆಜಿಮೆಂಟ್ ಕಟ್ಟಿದರು. ಅದರ ಮೊದಲ ಪಲ್ಟನ್ ಎದ್ದದ್ದು ನಮ್ಮ ಬೆಳಗಾವಿಯಲ್ಲಿ. ಯುದ್ಧಕ್ಕೆ ಬೇಕಾದಾಗ ವೀರ, ಮುಗಿದ ಮೇಲೆ ಹೊಲೆಯ! ಆಗ ಜಾತಿ ಹೇಳಿ ತಳ್ಳಿದರು, ಈಗ ಕಾಗದ ಕೇಳಿ ತಳ್ಳುತ್ತಾರೆ.

ಸರಿ, ಕಾಗದ ಸಿಕ್ಕಿತು ಅಂತಿಟ್ಟುಕೊಳ್ಳಿ. ಸಾಲ ಬಂತೆ? ಬ್ಯಾಂಕಿನವನ ಮುಂದಿನ ಪ್ರಶ್ನೆ: "ನಿವೇಶನದ ಪತ್ರ ಎಲ್ಲಿ?" ಗೋಮಾಳದಲ್ಲೋ ಅರಣ್ಯದ ಅಂಚಿನಲ್ಲೋ ಮೂರು ತಲೆಮಾರಿನಿಂದ ಕೂತ ಕೇರಿಗೆ ಹಕ್ಕುಪತ್ರವೇ ಇಲ್ಲ. 1969ರ ಭೂ ಮಂಜೂರಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೆ ಒಂದು ಪಾಲು, ಪರಿಶಿಷ್ಟರಿಗೆ ನೂರಕ್ಕೆ 50 ಎಂದು ಬರೆದಿದೆ. ಎರಡೂ ಲೆಕ್ಕದಲ್ಲಿ ಬರುವ ನಮ್ಮ ಸಿಪಾಯಿ ಎರಡೂ ಕಡೆ ಹೊರಗೆ. ಕೇಂದ್ರೀಯ ಸೈನಿಕ ಮಂಡಳಿ ಮನೆ ಸಾಲದ ಬಡ್ಡಿಯಲ್ಲಿ ಅರ್ಧ ತುಂಬಿಕೊಡುವ ಯೋಜನೆ ಮಾಡಿದೆ. ಅದು ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರು, ಅಂಗವಿಕಲರಾದವರು, ಸೇವೆಯ ಕಾರಣದಿಂದಲೇ ಸತ್ತವರ ಕುಟುಂಬದವರು, ಇಂಥವರಿಗೆ ಮಾತ್ರ. ಮೊದಲು ಸಾಲವೇ ಸಿಗದವನಿಗೆ ಬಡ್ಡಿಯ ರಿಯಾಯಿತಿ ಕಟ್ಟಿಕೊಂಡು ಏನಾಗಬೇಕು?

ಗೆಳೆಯರೆ, ಇದು ಮುದುಕರ ಗೋಳು, ನಮಗೇಕೆ ಎನ್ನಬೇಡಿ. ನಿಮ್ಮ ಹಾಸ್ಟೆಲಿನಲ್ಲೇ ಬೆಳಗಿನ ಜಾವ ಎದ್ದು ರಸ್ತೆಯಲ್ಲಿ ಓಡಿ ಭರ್ತಿಗೆ ತಯಾರಾಗುತ್ತಿರುವ ಹುಡುಗರಿದ್ದಾರೆ. 2022ರ ಜೂನ್‌ನಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷ ದುಡಿಮೆ. ಯೋಜನೆ ಸಾರಿದಾಗ ಹೇಳಿದ ಪ್ರಕಾರ ಖಾಯಂ ಆಗುವವರು ನೂರಕ್ಕೆ 25ರವರೆಗೆ. ಉಳಿದವರಿಗೆ ಇಡಿಗಂಟು ಒಂದಿಷ್ಟು ದುಡ್ಡು. ಪಿಂಚಣಿ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನವೂ ಇಲ್ಲ. ಅಜ್ಜನಿಗೆ ಸ್ಥಾನ ಇತ್ತು, ಕಾಗದ ಇರಲಿಲ್ಲ. ಮೊಮ್ಮಗನಿಗೆ ಕಾಗದ ಇರುತ್ತದೆ, ಸ್ಥಾನ ಇರುವುದಿಲ್ಲ. ಅಜ್ಜನ ನ್ಯಾಯಕ್ಕೆ ಇವತ್ತು ನಿಲ್ಲದಿದ್ದರೆ ನಾಳೆ ಆ ಕಿಟಕಿಯ ಮುಂದೆ ನಿಲ್ಲುವವರು ನೀವೇ.

ನಮ್ಮ ಒತ್ತಾಯಗಳು ಇವು:

1. ಡಿಸ್ಚಾರ್ಜ್ ಬುಕ್ ಇಲ್ಲದವರ ಸೇವೆಯನ್ನು ರೆಕಾರ್ಡ್ ಆಫೀಸಿನಿಂದ ತರಿಸಿ ದೃಢಪಡಿಸುವುದು ಸರ್ಕಾರದ ಕೆಲಸವಾಗಲಿ.

2. ದಾಖಲೆ ನಾಶವಾಗಿದ್ದರೆ ಇಬ್ಬರು ಸಹ ಸಿಪಾಯಿಗಳ ಸಾಕ್ಷಿ ಸಾಕೆಂದು ನಿಯಮ ಬರಲಿ. ಸ್ವಾತಂತ್ರ್ಯ ಹೋರಾಟಗಾರರಿಗೆ ಕೊಟ್ಟದ್ದನ್ನೇ ನಾವು ಕೇಳುತ್ತಿದ್ದೇವೆ.

3. ಸೈನಿಕ ಕಲ್ಯಾಣ ಇಲಾಖೆಯವರು ತಾಲ್ಲೂಕಿಗೆ ಬಂದು ಕೂರಲಿ. ಜಿಲ್ಲಾ ಕೇಂದ್ರಕ್ಕೆ ಒಂದು ಸಲ ಹೋಗಿಬಂದರೆ ಒಂದು ದಿನದ ಕೂಲಿ ಹೋಗುತ್ತದೆ.

4. ಕೇರಿಯ ಮನೆಗಳಿಗೆ ಹಕ್ಕುಪತ್ರ ಮೊದಲು, ಸಾಲದ ಭಾಷಣ ಆಮೇಲೆ.

ಒತ್ತಾಯ ಮಾಡಿ ಕೂರುವುದಲ್ಲ, ನೀವು ಮಾಡಬೇಕಾದ್ದೂ ಇದೆ. ರಜೆಗೆ ಊರಿಗೆ ಹೋದಾಗ ಕೇರಿಯ ಹಳೇ ಸಿಪಾಯಿಗಳನ್ನು, ಅವರ ಹೆಂಡಂದಿರನ್ನು ಕೂರಿಸಿ ಕೇಳಿ. ನಂಬರ್, ಪಲ್ಟನ್, ಭರ್ತಿಯಾದ ಊರು, ಬಿಟ್ಟ ವರ್ಷ ಬರೆದುಕೊಳ್ಳಿ. ಟ್ರಂಕಿನ ತಳ ನೋಡಿ: ಬಹಳಷ್ಟು ಪದಕಗಳ ಅಂಚಿನಲ್ಲಿ ನಂಬರು, ಹೆಸರು ಕೊರೆದಿರುತ್ತದೆ. ಹಳೇ ಮನಿಯಾರ್ಡರ್ ಚೀಟಿ, ಪಲ್ಟನ್ನಿನಿಂದ ಬಂದ ಕಾಗದ, ಫೋಟೋ, ಯಾವುದನ್ನೂ ಬಿಸಾಡಬೇಡಿ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ರೆಕಾರ್ಡ್ ಆಫೀಸಿಗೆ ಅರ್ಜಿ ಹಾಕಿ. ದಾಖಲೆ ಇದ್ದರೆ ಪ್ರತಿ ಕೊಡಲಿ. ಇಲ್ಲದಿದ್ದರೆ ನಾಶ ಮಾಡಿದ್ದೇವೆ ಎಂದು ಸಹಿ ಹಾಕಿ ಬರೆದುಕೊಡಲಿ. ಆ ಕಾಗದವನ್ನೇ ಮುಂದಿಟ್ಟುಕೊಂಡು ತಾಲ್ಲೂಕು ಕಚೇರಿಯ ಮುಂದೆ ಕೂರೋಣ.

ಅಕ್ಷರ ಕಲಿತದ್ದು ಅರ್ಜಿ ಬರೆಯಲು ಬಾರದಿದ್ದರೆ ಯಾಕೆ ಕಲಿತೆವು? ಅಜ್ಜ ಬಂದೂಕು ಹಿಡಿದ. ನೀವು ಪೆನ್ನು ಹಿಡಿಯಿರಿ.

ಜೈ ಭೀಮ್.