ಮಗ ಸೌದೆ ವ್ಯಾಪಾರ ಮಾಡುತ್ತೇನೆ ಎಂದರೆ...

ಕಳೆದ ತಿಂಗಳು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮನೆಗೆ ಬಂದಿದ್ದರು. ಜೊತೆಯಲ್ಲಿ ಇಪ್ಪತ್ತರ ಹರೆಯದ ಮಗ. ಕಾಫಿ ಮುಗಿಯುವವರೆಗೆ ಮಳೆ, ಕೊಳೆರೋಗ, ಅಡಿಕೆ ಧಾರಣೆ ಎಂದೆಲ್ಲ ಮಾತಾಡಿದ ತಂದೆ, ಲೋಟ ಕೆಳಗಿಟ್ಟ ಮೇಲೆ ವಿಷಯಕ್ಕೆ ಬಂದರು.

'ಇವನಿಗೆ ನೀವಾದರೂ ಬುದ್ಧಿ ಹೇಳಿ ಸಾರ್. ಐಟಿಐ ಮುಗಿಸಿದ್ದಾನೆ. ಬೆಂಗಳೂರಿನಲ್ಲಿ ಸಿಕ್ಕಿದ ಕೆಲಸವನ್ನು ಎಂಟು ತಿಂಗಳಿಗೆ ಬಿಟ್ಟು ಬಂದ. ಈಗ ಮರ ಕೊಯ್ಯುವ ಮಿಷನ್ ತಗೊಂಡು ಸೌದೆ ವ್ಯಾಪಾರ ಮಾಡ್ತಾನಂತೆ. ಊರವರ ಎದುರು ಏನಂತ ಹೇಳಲಿ?'

ಮಗ ತಲೆ ತಗ್ಗಿಸಲಿಲ್ಲ. 'ಅಡಿಕೆ ಬೇಯಿಸೋರಿಗೆ ಬೇಕು, ಕಲ್ಯಾಣ ಮಂಟಪಕ್ಕೆ ಬೇಕು, ಬೇಕರಿಗೆ ಬೇಕು. ಗಿರಾಕಿ ಇದ್ದಾರೆ ಸಾರ್. ಅಪ್ಪಯ್ಯನಿಗೆ ಮರ್ಯಾದೆ ಪ್ರಶ್ನೆ ಅಷ್ಟೆ' ಎಂದ.

ಹುಡುಗನ ಮಾತಿನಲ್ಲಿ ಹುರುಳಿತ್ತು. ಅಡುಗೆ ಗ್ಯಾಸ್ ಹಳ್ಳಿಹಳ್ಳಿಗೂ ತಲುಪಿದ ಮೇಲೂ ಸೌದೆ ಬೇಡಿಕೆ ನಿಂತಿಲ್ಲ. ಬಚ್ಚಲ ಹಂಡೆ, ಮದುವೆ ಮನೆಯ ಕೋಡಿಒಲೆ, ಇಟ್ಟಿಗೆ ಗೂಡು, ಸ್ಮಶಾನ - ಎಲ್ಲಕ್ಕೂ ಸೌದೆ ಬೇಕು. ಆದರೆ ಗಿರಾಕಿ ಇದ್ದ ಮಾತ್ರಕ್ಕೆ ವ್ಯಾಪಾರವಾಗುವುದಿಲ್ಲ. ಅವನಿಗೆ ಮೂರು ಪ್ರಶ್ನೆ ಕೇಳಿದೆ. ಇಂಥ ಸ್ವಂತ ಉದ್ಯೋಗದ ಕನಸು ಕಾಣುವ ಎಲ್ಲ ಹುಡುಗರಿಗೂ, ಅವರ ತಂದೆತಾಯಿಗೂ ಅವು ಉಪಯೋಗಕ್ಕೆ ಬರಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ: ತೂಕದ ಲೆಕ್ಕ

'ಹಸಿ ಸೌದೆ ಕಿಲೋಗೆ 3 ರೂಪಾಯಿಯಂತೆ ಒಂದು ಟನ್ ಕೊಂಡೆ ಎಂದಿಟ್ಟುಕೊ. ಒಣಗಿಸಿ ನಾಲ್ಕೂವರೆ ರೂಪಾಯಿಗೆ ಮಾರಿದೆ. ಲಾಭ ಎಷ್ಟು?'

'ಸಾವಿರದ ಐನೂರು' ಎಂದ ತಟ್ಟನೆ. ಅಪ್ಪನ ಮುಖದಲ್ಲೂ ಒಂದು ಗಳಿಗೆ ಬೆಳಕು ಮೂಡಿತು.

ಕಾಗದ ತೆಗೆದುಕೊಂಡು ಕೂತೆವು. ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ಭಾಗ ನೀರೇ. ಸಾವಿರ ಕಿಲೋ ಹಸಿ ಸೌದೆಯಲ್ಲಿ 500 ಕಿಲೋ ಮರ, 500 ಲೀಟರ್ ನೀರು. ಅಂದರೆ 200 ಲೀಟರಿನ ಎರಡೂವರೆ ಡ್ರಮ್ಮು! ಚೆನ್ನಾಗಿ ಉರಿಯಬೇಕಾದರೆ ನೀರಿನ ಪಾಲು ಶೇ. 20ಕ್ಕೆ ಇಳಿಯಬೇಕು. ಆಗ 500 ಕಿಲೋ ಮರವೇ ಒಟ್ಟು ತೂಕದ ಶೇ. 80 ಆಗುತ್ತದೆ. ಒಟ್ಟು ತೂಕ 625 ಕಿಲೋ. ನಾಲ್ಕೂವರೆ ರೂಪಾಯಿಯಂತೆ ಮಾರಿದರೆ ಬರುವುದು 2,812 ರೂಪಾಯಿ. ಕೊಟ್ಟದ್ದು 3,000. ಕೂಲಿ, ಲಾರಿ ಬಾಡಿಗೆ ಸೇರಿಸುವ ಮೊದಲೇ ನಷ್ಟ. ಅಸಲು ಬರಬೇಕಾದರೂ ಕಿಲೋಗೆ 4 ರೂಪಾಯಿ 80 ಪೈಸೆ ಸಿಗಬೇಕು.

'ಹಾಗಾದರೆ ಹಸಿಯದನ್ನೇ ಮಾರಿದರೆ?' ಎಂದ ಹುಡುಗ. ಮಾರಬಹುದು, ಒಂದು ಸಲ. ಒಂದು ಕಿಲೋ ನೀರನ್ನು ಆವಿ ಮಾಡಲು 600 ಕಿಲೋಕ್ಯಾಲೊರಿಗಿಂತ ಹೆಚ್ಚು ಶಾಖ ಬೇಕು. ಆ ಶಾಖ ಹಂಡೆಗೆ ಹೋಗುವುದಿಲ್ಲ, ಹೊಗೆಯೊಂದಿಗೆ ಆಕಾಶಕ್ಕೆ ಹೋಗುತ್ತದೆ. ಒಲೆ ಊದಿ ಕಣ್ಣು ಕೆಂಪಾದ ಗಿರಾಕಿ ಮತ್ತೆ ನಿಮ್ಮ ಡಿಪೋ ಕಡೆ ತಿರುಗಿ ನೋಡುವುದಿಲ್ಲ.

ಒಣಗಿಸುವುದಕ್ಕೂ ಕ್ರಮವಿದೆ. ಮರದಲ್ಲಿ ನೀರು ಹೆಚ್ಚಾಗಿ ಎಳೆಯ ಉದ್ದಕ್ಕೇ ಚಲಿಸಿ, ಕೊಯ್ದ ತುದಿಗಳಿಂದ ಹೊರಹೋಗುತ್ತದೆ. ಆದ್ದರಿಂದ ಉದ್ದದ ದಿಮ್ಮಿಗಿಂತ ಗಿಡ್ಡ ತುಂಡು ಬೇಗ ಒಣಗುತ್ತದೆ. ಸೀಳಿದರೆ ಇನ್ನೂ ಬೇಗ. ನೆಲಕ್ಕೆ ತಾಗದಂತೆ ಅಡ್ಡಮರದ ಮೇಲೆ ಪೇರಿಸಿ, ತಲೆಗೆ ಮಾತ್ರ ತಗಡು ಹೊದಿಸಿ, ಗಾಳಿಯಾಡಲು ಪಕ್ಕಗಳನ್ನು ತೆರೆದಿಡಬೇಕು. ಪೂರ್ತಿ ಟಾರ್ಪಾಲು ಸುತ್ತಿಟ್ಟರೆ ಒಳಗೇ ಬೂಷ್ಟು ಹಿಡಿಯುತ್ತದೆ. ಮಲೆನಾಡಿನಲ್ಲಿ ಜನವರಿ, ಫೆಬ್ರವರಿಯಲ್ಲಿ ಕೊಯ್ದು ಬೇಸಿಗೆಯಲ್ಲಿ ಒಣಗಿಸಿ, ಮಳೆಗಾಲವಿಡೀ ಸೂರಿನಡಿ ಕಾಪಾಡಿದರೆ ಅಡಿಕೆ ಸುಗ್ಗಿಗೆ ಮಾರಬಹುದು. ಅಂದರೆ ಹಾಕಿದ ಹಣ ಎಂಟು ಒಂಬತ್ತು ತಿಂಗಳು ಸೌದೆಯ ರಾಶಿಯಲ್ಲೇ ಕೂತಿರುತ್ತದೆ. ಸಾಲದ ಬಡ್ಡಿ ಮಾತ್ರ ಕೂತಿರುವುದಿಲ್ಲ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ ಬ್ಯಾಂಕುಗಳು 50,000 ರೂಪಾಯಿವರೆಗೆ ಸಾಲ ಕೊಡುತ್ತವೆ. ಆದರೆ ಈ ಒಂಬತ್ತು ತಿಂಗಳ ಲೆಕ್ಕ ಬರೆದಿಟ್ಟುಕೊಳ್ಳದೆ ಯಾರೂ ಬ್ಯಾಂಕಿನ ಮೆಟ್ಟಿಲು ಹತ್ತಬಾರದು.

ಎರಡನೇ ಪ್ರಶ್ನೆ: ಗರಗಸದ ಹಲ್ಲು

'ಮಿಷನ್ನಿನಿಂದ ಪುಡಿ ಬೀಳಬೇಕೋ, ಚಕ್ಕೆ ಬೀಳಬೇಕೋ?'

ಇದಕ್ಕೆ ಅವನು ಸರಿಯಾಗಿಯೇ ಉತ್ತರಿಸಿದ: 'ಚಕ್ಕೆ. ಹಿಟ್ಟಿನಂಥ ಪುಡಿ ಬಂದರೆ ಚೈನು ಮೊಂಡಾಗಿದೆ ಅಂತ ಅರ್ಥ.'

ಚೈನಿನ ಹಲ್ಲಿಗೊಂದು ಕಥೆಯಿದೆ. ಹಳೆಯ ಗರಗಸದ ಚೈನು ಮರವನ್ನು ಕೆರೆಯುತ್ತಿತ್ತು; ಬೇಗ ಮೊಂಡಾಗುತ್ತಿತ್ತು. 1946ರಲ್ಲಿ ಅಮೆರಿಕದ ಆರೆಗನ್ ರಾಜ್ಯದಲ್ಲಿ ಮರ ಕಡಿಯುವ ಕೆಲಸ ಮಾಡುತ್ತಿದ್ದ ಜೋಸೆಫ್ ಕಾಕ್ಸ್ ಎಂಬಾತ, ಮರದ ಬೊಡ್ಡೆಯಲ್ಲಿ ಒಂದು ದುಂಬಿಯ ಮರಿಹುಳು ಎಳೆಯ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಕೊರೆಯುವುದನ್ನು ಕಂಡ. ಅದರ ಬಾಗಿದ ದವಡೆಗಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಕತ್ತರಿಸುತ್ತಿದ್ದವು. ಅದನ್ನೇ ಉಕ್ಕಿನಲ್ಲಿ ಮೂಡಿಸಿ, ಒಂದು ಹಲ್ಲು ಎಡಕ್ಕೆ ಒಂದು ಬಲಕ್ಕೆ ಬರುವಂತೆ ಚೈನು ಮಾಡಿದ. ಇಂದಿನ ಚೈನುಗಳ ಮೂಲ ವಿನ್ಯಾಸ ಅದೇ. ಕೆಲಸದ ನಡುವೆಯೂ ಕಣ್ಣು ತೆರೆದಿಟ್ಟವನಿಗೆ ಹುಳುವೂ ಗುರುವಾಗುತ್ತದೆ.

ಆ ಹಲ್ಲನ್ನು ಕಾಪಾಡಲು ಬೇಕಾದದ್ದು ದುಂಡು ಅರ. ಚೈನಿಗೆ ತಕ್ಕಂತೆ ಅರದ ದಪ್ಪ 4, 4.8 ಅಥವಾ 5.2 ಮಿ.ಮೀ. ಇರುತ್ತದೆ, ಯಾವುದೆಂದು ಯಂತ್ರದ ಪುಸ್ತಕ ಹೇಳುತ್ತದೆ. ಟ್ಯಾಂಕಿಗೆ ಪೆಟ್ರೋಲ್ ತುಂಬಿದಾಗಲೆಲ್ಲ ಪ್ರತಿ ಹಲ್ಲಿಗೂ ಎರಡು ಮೂರು ಸಲ, ಸುಮಾರು 30 ಡಿಗ್ರಿ ಓರೆಯಲ್ಲಿ, ಮುಂದಕ್ಕೆ ಮಾತ್ರ ಉಜ್ಜಬೇಕು. ಎರಡೂ ಬದಿಗೆ ಉಜ್ಜಿದ ಲೆಕ್ಕ ಒಂದೇ ಇರಬೇಕು. ಒಂದು ಬದಿಯ ಹಲ್ಲು ಗಿಡ್ಡವಾದರೆ ಕೊಯ್ತ ಸೊಟ್ಟಗೆ ಹೋಗುತ್ತದೆ. ಹಲ್ಲಿನ ಮುಂದಿರುವ ಪುಟ್ಟ ಮೊಳೆಯಂಥ ಭಾಗ ಹಲ್ಲಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಬೇಕು. ಅದನ್ನು ಹೆಚ್ಚು ತಗ್ಗಿಸಿದರೆ ಯಂತ್ರ ಮರವನ್ನು ಕಚ್ಚಿ ಎಗರುತ್ತದೆ.

ಉಳಿದದ್ದು ದಿನಚರಿ. ಎಂಜಿನ್ ಟೂಸ್ಟ್ರೋಕ್ ಆದ್ದರಿಂದ ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಲೇಬೇಕು. 50ಕ್ಕೆ 1 ಎಂದು ಬರೆದಿದ್ದರೆ ಲೀಟರಿಗೆ 20 ಮಿಲಿ. ಕಣ್ಣಳತೆ ಬೇಡ; ಆಯಿಲ್ ಮರೆತರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಚೈನಿಗೆ ಬೇರೆ ಆಯಿಲ್ ಟ್ಯಾಂಕ್ ಇದೆ; ಸೋಸದ ಹಳೆ ಎಂಜಿನ್ ಆಯಿಲ್ ಅದಕ್ಕೆ ಸಲ್ಲದು. ಏರ್ ಫಿಲ್ಟರನ್ನು ಪ್ರತಿದಿನ ಕೊಡವಬೇಕು. ಬಿಸಿಯಾದ ಚೈನು ಹಿಗ್ಗುತ್ತದೆ ಎಂದು ಬಿಗಿ ಮಾಡಿದ್ದರೆ ಸಂಜೆ ಸಡಿಲಿಸಬೇಕು, ಇಲ್ಲವಾದರೆ ತಣಿದು ಕುಗ್ಗಿ ಬಾರನ್ನು ಜಗ್ಗುತ್ತದೆ. ಬಾರ್ ಒಂದೇ ಬದಿ ಸವೆಯದಂತೆ ಆಗಾಗ ಮಗುಚಿ ಹಾಕಬೇಕು. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇರುತ್ತದೆ. ಅದು ನೀರು ಹೀರುತ್ತದೆ. ಆದ್ದರಿಂದ ಮಳೆಗಾಲಕ್ಕೆ ಯಂತ್ರ ಮೂಲೆಗಿಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು.

ಇದಿಷ್ಟು ಕಲಿತವನಿಗೆ ಇನ್ನೊಂದು ದಾರಿಯೂ ತೆರೆಯುತ್ತದೆ. ಕಳೆ ಕತ್ತರಿಸುವ ಯಂತ್ರ, ಬೆನ್ನಿಗೆ ಹಾಕುವ ಪವರ್ ಸ್ಪ್ರೇಯರ್ ಇವುಗಳಲ್ಲೂ ಹೆಚ್ಚಾಗಿ ಇಂಥದೇ ಎಂಜಿನ್. ಸೌದೆ ಮಾರಾಟವಿಲ್ಲದ ತಿಂಗಳುಗಳಲ್ಲಿ ರಿಪೇರಿಯೇ ಮನೆ ನಡೆಸಬಹುದು.

ಮೂರನೇ ಪ್ರಶ್ನೆ: ಮರ ಯಾರದು?

ಇದಕ್ಕೆ ಹುಡುಗನಲ್ಲಿ ಉತ್ತರವಿರಲಿಲ್ಲ. ಸ್ವಂತ ಜಮೀನಿನ ಮರವಾದರೂ ಕಡಿಯುವ ಮುನ್ನ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಸರ್ವೆ, ನೀಲಗಿರಿ, ತೆಂಗು, ಸಿಲ್ವರ್ ಓಕ್, ರಬ್ಬರ್, ಸುಬಾಬುಲ್, ಬಳ್ಳಾರಿ ಜಾಲಿಯಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಸಾಗಿಸಲು ರಹದಾರಿ ಬೇಕೇ ಎಂಬುದು ಇನ್ನೊಂದು ವಿಷಯ. ಯಂತ್ರದ ಅಂಗಡಿಗೆ ಹೋಗುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಬರುವುದು ಲೇಸು. ಕದ್ದ ಮರದ ಒಂದು ಲೋಡು ಸಾಕು, ಹತ್ತು ವರ್ಷದ ಹೆಸರು ಕಳೆಯಲು.

ಅಪ್ಪನ ನಿಜವಾದ ಪ್ರಶ್ನೆ

ಹುಡುಗ ಕೈ ತೊಳೆಯಲು ಹಿತ್ತಲಿಗೆ ಹೋದಾಗ ತಂದೆ ದನಿ ತಗ್ಗಿಸಿದರು. 'ಮರ್ಯಾದೆ ಅಂದದ್ದು ಬಾಯಿಮಾತಿಗೆ ಸಾರ್. ನನ್ನ ತಮ್ಮ ಹೋದದ್ದು ಮರ ಬಿದ್ದೇ. ಆಗ ಇವನು ತೊಟ್ಟಿಲ ಮಗು. ಮಿಷನ್ ಸದ್ದು ಕೇಳಿದರೆ ನನಗೆ ಇವತ್ತಿಗೂ ಊಟ ಸೇರುವುದಿಲ್ಲ.'

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಎಷ್ಟೋ ಮನೆಗಳಲ್ಲಿ ಹೀಗೆಯೇ. ಭಯವನ್ನು ಭಯವೆಂದು ಹೇಳಿದ್ದರೆ ಮಗನಿಗೆ ಅರ್ಥವಾಗುತ್ತಿತ್ತು. ಮರ್ಯಾದೆ ಎಂದದ್ದರಿಂದ ಹಟ ಬೆಳೆಯಿತು.

ಮಗ ಬಂದ ಮೇಲೆ ಆ ಮಾತನ್ನು ಅವನ ಎದುರೇ ಆಡುವಂತೆ ಅವರನ್ನು ಕೇಳಿಕೊಂಡೆ. ಆಡಿದರು. ಚಿಕ್ಕಪ್ಪ ಹೇಗೆ ತೀರಿಕೊಂಡರೆಂದು ಹುಡುಗನಿಗೆ ಪೂರ್ತಿ ಗೊತ್ತೇ ಇರಲಿಲ್ಲ. ಅವನ ಮುಖ ಸಣ್ಣದಾಯಿತು.

ಆ ಭಯಕ್ಕೆ ಆಧಾರವಿದೆ. ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತದೆ. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆಗೆ ಒದೆಯುತ್ತದೆ. ಸದ್ದು 100 ಡೆಸಿಬಲ್ ಮೀರುವುದರಿಂದ ಕಿವಿ ಮೆಲ್ಲಗೆ ಮಂದವಾಗುತ್ತದೆ. ಜಾಲರಿಯಿರುವ ಹೆಲ್ಮೆಟ್, ಕಿವಿಗವಚ, ಕಾಲಿನ ರಕ್ಷಾ ಉಡುಪು, ಗಟ್ಟಿ ಬೂಟು ಯಂತ್ರದ ಬೆಲೆಯಲ್ಲೇ ಸೇರಿವೆ ಎಂದು ತಿಳಿಯಬೇಕು. ಲುಂಗಿ ಉಟ್ಟು, ಚಪ್ಪಲಿ ಮೆಟ್ಟಿ, ಒಬ್ಬನೇ ಹೋಗಿ ಮರ ಕಡಿಯುವುದು ಧೈರ್ಯವಲ್ಲ. ಹೆಗಲಿಗಿಂತ ಮೇಲೆ ಯಂತ್ರ ಎತ್ತಬಾರದು. ವಿದ್ಯುತ್ ತಂತಿ ಹತ್ತಿರವಿರುವ ಮರಕ್ಕೆ ಕೈ ಹಾಕಲೇಬಾರದು.

ನಾನು ಹೇಳಿದ್ದಿಷ್ಟೆ: ಮೊದಲ ವರ್ಷ ನಿಂತ ಮರ ಉರುಳಿಸುವುದೇ ಬೇಡ. ಉರುಳಿಸಿದ ದಿಮ್ಮಿ ಕೊಂಡು ತಂದು, ಡಿಪೋದಲ್ಲಿ ತುಂಡು ಮಾಡಿ ಒಣಗಿಸಿ ಮಾರು. ಅದಕ್ಕೂ ಮುಂಚೆ ಮೂರು ತಿಂಗಳು ಒಳ್ಳೆಯ ಮೆಕ್ಯಾನಿಕ್ ಬಳಿ ಅರ ಹಿಡಿದು ಕೂರು.

ಮೊನ್ನೆ ತಂದೆಯ ಫೋನ್ ಬಂತು. ಹುಡುಗ ಶಿವಮೊಗ್ಗದಲ್ಲಿ ರಿಪೇರಿ ಅಂಗಡಿಯೊಂದಕ್ಕೆ ಸೇರಿದ್ದಾನಂತೆ. ಯಂತ್ರ ಇನ್ನೂ ಕೊಂಡಿಲ್ಲ. 'ಹೆಲ್ಮೆಟ್ ಮಾತ್ರ ನಾನೇ ತಂದುಕೊಟ್ಟೆ ಸಾರ್' ಎಂದರು.