ಹಾಡು ಎಲ್ಲರದ್ದು, ಪರೀಕ್ಷೆ ಮಾತ್ರ ಕೆಲವರಿಗೆ

ಕಡಲೆ ಕಿತ್ತ ಎರೆ ಹೊಲಗಳು ಕುಷ್ಟಗಿ, ಯಲಬುರ್ಗಾ ಕಡೆ ಒಂದೆರಡು ತಿಂಗಳ ಮಟ್ಟಿಗೆ ಕ್ರೀಡಾಂಗಣಗಳಾಗಿ ಬಿಡುತ್ತವೆ. ಸುಣ್ಣದ ಗೆರೆ, ಒಂದು ಶಾಮಿಯಾನ, ಟೆನಿಸ್ ಚೆಂಡು, ಮೈಕು ಹಿಡಿದ ಒಬ್ಬ ಮಾತುಗಾರ ಮತ್ತು ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಪೇರಿಸಿದ ಡಿಜೆ ಪೆಟ್ಟಿಗೆಗಳು ಇದ್ದರೆ ಟೂರ್ನಮೆಂಟ್ ಸಿದ್ಧ. ಇಂಥದ್ದೊಂದು ಪಂದ್ಯವನ್ನು ನಾವು ಇತ್ತೀಚೆಗೆ ನೋಡಿದೆವು. ಫೋರ್ ಹೋದಾಗಲೊಮ್ಮೆ, ವಿಕೆಟ್ ಬಿದ್ದಾಗಲೊಮ್ಮೆ ಹಾಡು. ಆರ್‌ಸಿಬಿಯ ಹಾಡು ಬಂದಾಗ ಇಡೀ ಮೈದಾನ ಒಂದೇ ಗಂಟಲಾಯಿತು. ಮಕ್ಕಳು, ಹೊಲದ ಒಡೆಯ, ಮಿರ್ಚಿ ಭಜಿ ಕರಿಯುವವನು, ಎಲ್ಲರೂ. ಆದರೆ ಒಬ್ಬ ಮುಸ್ಲಿಮ್ ಹುಡುಗ ಬೌಲಿಂಗ್‌ಗೆ ಬಂದಾಗ ಡಿಜೆಯ ಹಾಡು ಬದಲಾಯಿತು. ಅದು ಮೆರವಣಿಗೆಗಳಲ್ಲಿ ಮಸೀದಿಯ ಮುಂದೆ ಹಾಕುವ ಬಗೆಯ ಹಾಡು. ಕೆಲವರು ದನಿಗೂಡಿಸಿದರು, ಹಲವರು ನೆಲ ನೋಡಿದರು. ಹುಡುಗ ವೈಡ್ ಎಸೆದ. ಮತ್ತೆ ವೈಡ್ ಎಸೆದ.

ಪಂದ್ಯ ಮುಗಿದ ಮೇಲೆ ಚಹಾದಂಗಡಿಯಲ್ಲಿ ಇದೇ ಚರ್ಚೆ. 'ಹಾಡಷ್ಟೇ ಬಿಡ್ರಿ, ಅದ್ರಾಗೇನೈತಿ?' ಎಂದ ಒಬ್ಬ. 'ಹಾಡಷ್ಟೇ ಆಗಿದ್ರೆ ಅವನು ಬೌಲಿಂಗ್‌ಗೆ ಬಂದಾಗಲೇ ಯಾಕ ಹಾಕಿದ್ರಿ ಅಣ್ಣ?' ಎಂದು ಇನ್ನೊಬ್ಬ ಕೇಳಿದ. ಈ ಎರಡನೆಯವನು ಮುಸ್ಲಿಮನಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಆತನ ಪ್ರಶ್ನೆಗೆ ಆ ಅಂಗಡಿಯಲ್ಲಿ ಉತ್ತರ ಸಿಗಲಿಲ್ಲ.

ಈ ಪ್ರಶ್ನೆ ಕುಷ್ಟಗಿಯಲ್ಲಿ ಹುಟ್ಟಿದ್ದಲ್ಲ. 2023ರ ಅಕ್ಟೋಬರ್ 14ರಂದು ಅಹ್ಮದಾಬಾದ್‌ನಲ್ಲಿ ಭಾರತ ಮತ್ತು ಪಾಕಿಸ್ತಾನ ವಿಶ್ವಕಪ್ ಪಂದ್ಯವಾಡಿದುವು. ಭಾರತ ಸುಲಭವಾಗಿ ಗೆದ್ದಿತು. ಪಂದ್ಯದ ಬಳಿಕ ಪಾಕ್ ತಂಡದ ನಿರ್ದೇಶಕ ಮಿಕಿ ಆರ್ಥರ್, ಇದು ಐಸಿಸಿ ಪಂದ್ಯದಂತಿರಲಿಲ್ಲ, ಬಿಸಿಸಿಐ ಪಂದ್ಯದಂತಿತ್ತು ಎಂದರು. 'ದಿಲ್ ದಿಲ್ ಪಾಕಿಸ್ತಾನ್' ಹಾಡು ಧ್ವನಿವರ್ಧಕದಲ್ಲಿ ಹೆಚ್ಚು ಕೇಳಿಸಲಿಲ್ಲ ಎಂದೂ ಅವರು ದೂರಿದರು. 1987ರಲ್ಲಿ ವೈಟಲ್ ಸೈನ್ಸ್ ಎಂಬ ತಂಡ ಹಾಡಿದ ಆ ಗೀತೆ ಪಾಕ್ ಅಭಿಮಾನಿಗಳ ಪಾಲಿಗೆ ಮೈದಾನದ ಗೀತೆ. ಆರ್ಥರ್ ಸೋಲಿಗೆ ನೆಪ ಹುಡುಕಿದರು ಎಂದು ನಮ್ಮ ಮಾಧ್ಯಮಗಳು ಗೇಲಿ ಮಾಡಿದುವು. ಗೇಲಿಯಲ್ಲಿ ಸ್ವಲ್ಪ ಸತ್ಯವಿತ್ತು ಎಂದೇ ನಾವು ಭಾವಿಸುತ್ತೇವೆ. 191 ರನ್ನಿಗೆ ಆಲೌಟಾದ ತಂಡವನ್ನು ಯಾವ ಹಾಡೂ ಉಳಿಸುವುದಿಲ್ಲ. ಅತಿಥೇಯ ದೇಶದ ಪ್ರೇಕ್ಷಕರು ತಮ್ಮ ತಂಡಕ್ಕಾಗಿ ಗಂಟಲು ಹರಿಯುವಂತೆ ಹಾಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅಂದು ಔಟಾಗಿ ಮರಳುತ್ತಿದ್ದ ಮುಹಮ್ಮದ್ ರಿಝ್ವಾನ್‌ರತ್ತ ಗ್ಯಾಲರಿಯಿಂದ 'ಜೈ ಶ್ರೀರಾಮ್' ಕೂಗು ತೂರಿ ಬಂತಲ್ಲ, ಅದು ಯಾವ ತಂಡದ ಬೆಂಬಲ? ಭಾರತದ ಹನ್ನೊಂದು ಮಂದಿಯಲ್ಲಿ ಮುಹಮ್ಮದ್ ಸಿರಾಜ್ ಕೂಡ ಇದ್ದರು. ಅವರ ಕಿವಿಗೆ ಆ ಕೂಗು ಹೇಗೆ ಕೇಳಿಸಿರಬಹುದು?

ರಾಮನ ಹೆಸರು ನಮಗೆ ಅಪರಿಚಿತವಲ್ಲ. ಗಂಗಾವತಿಯ ಪಕ್ಕದಲ್ಲೇ ಆನೆಗೊಂದಿ ಇದೆ, ಕಿಷ್ಕಿಂಧೆ ಎಂದು ಜನರು ನಂಬುವ ಬೆಟ್ಟಗಳಿವೆ. ಅಂಜನಾದ್ರಿಯ ಮೆಟ್ಟಿಲೇರುವ ಭಕ್ತ ಏದುಸಿರಿನ ನಡುವೆ ಆ ಹೆಸರನ್ನು ಉಚ್ಚರಿಸುವಾಗ ಅದು ಯಾರನ್ನೂ ಇರಿಯುವುದಿಲ್ಲ. ಅವನು ಯಾರ ಮುಖವನ್ನೂ ನೋಡಿ ಅದನ್ನು ಹೇಳುತ್ತಿಲ್ಲ. ಅದೇ ಹೆಸರನ್ನು ಸೋತು ಹೋಗುತ್ತಿರುವ ಒಬ್ಬ ಆಟಗಾರನ ಧರ್ಮ ನೋಡಿ ಕೂಗಿದಾಗ ಅವಮಾನವಾಗುವುದು ಆ ಆಟಗಾರನಿಗೆ ಮಾತ್ರವೇ? ಆ ಮೆಟ್ಟಿಲೇರುವ ಭಕ್ತನಿಗೂ ಅಲ್ಲವೇ?

ಇದಕ್ಕಿಂತ ನಾಲ್ಕು ದಿನ ಹಿಂದೆ, ಅಕ್ಟೋಬರ್ 10ರಂದು, ಹೈದರಾಬಾದ್‌ನಲ್ಲಿ ನಡೆದದ್ದನ್ನು ಯಾರೂ ನೆನಪಿಸಿಕೊಳ್ಳುತ್ತಿಲ್ಲ. ಶ್ರೀಲಂಕಾದ ವಿರುದ್ಧ 345 ರನ್ನುಗಳ ಗುರಿ ಬೆನ್ನಟ್ಟಿದ ಇದೇ ಪಾಕಿಸ್ತಾನವನ್ನು ಅಲ್ಲಿನ ಪ್ರೇಕ್ಷಕರು 'ಜೀತೇಗಾ' ಎಂದು ರಾಗವಾಗಿ ಹುರಿದುಂಬಿಸಿದರು. ಡಿಜೆ ಕೂಗಿಸಿದ, ಜನರು ಕೂಗಿದರು. ಅಜೇಯ 131 ರನ್ ಹೊಡೆದ ರಿಝ್ವಾನ್, ರಾವಲ್ಪಿಂಡಿಯಲ್ಲಿ ಆಡಿದಂತಾಯಿತು ಎಂದರು. ಹೈದರಾಬಾದ್‌ನಲ್ಲಿ ಅಂದು ಯಾವ ದೇಶವೂ ಮುರಿದು ಬೀಳಲಿಲ್ಲ. ಅಷ್ಟಕ್ಕೂ 1999ರ ಜನವರಿ 31ರಂದು ಚೆನ್ನೈಯಲ್ಲಿ ಭಾರತವನ್ನು 12 ರನ್ನುಗಳಿಂದ ಸೋಲಿಸಿದ ಪಾಕ್ ತಂಡಕ್ಕೆ ಇಡೀ ಚೆಪಾಕ್ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು. ಅದೇ ತಿಂಗಳು ದೆಹಲಿಯ ಕೋಟ್ಲಾದಲ್ಲಿ ಪಿಚ್ಚನ್ನೇ ಅಗೆದು ಹಾಕಲಾಗಿತ್ತು ಎಂಬುದನ್ನು ನೆನೆದರೆ ಆ ಚಪ್ಪಾಳೆಯ ಬೆಲೆ ತಿಳಿಯುತ್ತದೆ. ಪಿಚ್ ಅಗೆದವರನ್ನು ಇಂದು ಯಾರೂ ಹೊಗಳುವುದಿಲ್ಲ. ಚೆಪಾಕನ್ನು ಈಗಲೂ ಹೊಗಳುತ್ತಾರೆ.

ನಮ್ಮ ಬೆಂಗಳೂರಿನ ಕತೆಯೇನು? 2023ರ ಅಕ್ಟೋಬರ್ 20ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ಮತ್ತು ಪಾಕಿಸ್ತಾನ ಆಡುತ್ತಿದ್ದಾಗ, ತನ್ನ ದೇಶಕ್ಕೆ ಜಿಂದಾಬಾದ್ ಕೂಗಿದ ಪಾಕಿಸ್ತಾನಿ ಪ್ರೇಕ್ಷಕನೊಬ್ಬನನ್ನು ಪೊಲೀಸರು ತಡೆದರು. ಪಾಕಿಸ್ತಾನದಿಂದ ಬಂದವನು ಇನ್ನೇನು ಕೂಗಬೇಕು ಎಂದು ಆತ ಕೇಳಿದ ದೃಶ್ಯವನ್ನು ದೇಶವೇ ನೋಡಿತು. ಆಸ್ಟ್ರೇಲಿಯಾದವನು ತನ್ನ ದೇಶದ ಹೆಸರು ಕೂಗಬಹುದು, ಇವನು ಕೂಗಬಾರದು ಎಂದಾದರೆ ಆತನಿಗೆ ಟಿಕೆಟ್ ಮಾರಿದ್ದಾದರೂ ಏಕೆ?

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿ ಅಮಾಯಕರನ್ನು ಕೊಂದ ಬಳಿಕ ಈ ಮಾತುಗಳನ್ನು ಆಡುವುದೇ ಕಷ್ಟವಾಗಿದೆ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್ ನಡೆದಾಗ ಆಟಗಾರರು ಕೈ ಕುಲುಕುವುದೂ ನಿಂತು ಹೋಯಿತು. ಕೊಲೆಗಡುಕರ ಬಗ್ಗೆ ನಮಗೆ ಯಾವ ಮೃದು ಧೋರಣೆಯೂ ಇಲ್ಲ. ಎರಡು ದೇಶಗಳು ಆಡಬೇಕೋ ಬೇಡವೋ ಎಂಬುದನ್ನು ಸರಕಾರಗಳು ತೀರ್ಮಾನಿಸಲಿ. ನಮ್ಮ ಪ್ರಶ್ನೆ ಇರುವುದು ಪಾಕಿಸ್ತಾನದ ಬಗ್ಗೆ ಅಲ್ಲ, ಕುಷ್ಟಗಿಯ ಆ ಹುಡುಗನ ಬಗ್ಗೆ. ಅಹ್ಮದಾಬಾದ್‌ನಲ್ಲಿ ಪಾಕಿಸ್ತಾನದವನ ಮೇಲೆ ಪ್ರಯೋಗವಾದ ಕೂಗು ನಮ್ಮೂರ ಹೊಲದಲ್ಲಿ ನಮ್ಮೂರವನ ಮೇಲೆ ಹೇಗೆ ಪ್ರಯೋಗವಾಗುತ್ತದೆ? ಅವನ ಅಜ್ಜ ಅದೇ ಹೊಲದಲ್ಲಿ ಕೂಲಿ ಮಾಡಿದವ. ಅವನು ಯಾವ ದೇಶದ ಪರ ಬೌಲಿಂಗ್ ಮಾಡುತ್ತಿದ್ದ? 2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಭಾರತ ಸೋತಾಗ ಮುಹಮ್ಮದ್ ಶಮಿಯ ಮೇಲೆ ಎರಗಿದ್ದು ಇದೇ ಮನಸ್ಥಿತಿ. ಧರ್ಮದ ಹೆಸರಲ್ಲಿ ಒಬ್ಬನನ್ನು ಗುರಿ ಮಾಡುವುದು ಮನುಷ್ಯ ಮಾಡಬಹುದಾದ ಅತ್ಯಂತ ಹೀನ ಕೆಲಸ ಎಂಬರ್ಥದ ಮಾತನ್ನು ಅಂದು ನಾಯಕರಾಗಿದ್ದ ವಿರಾಟ್ ಕೊಹ್ಲಿ ಪತ್ರಿಕಾಗೋಷ್ಠಿಯಲ್ಲೇ ಆಡಿದರು. ಕೊಹ್ಲಿಯ ಹೆಸರಿನ ಜೆರ್ಸಿ ತೊಟ್ಟು ಕುಣಿಯುವ ನಮ್ಮೂರ ಹುಡುಗರಲ್ಲಿ ಎಷ್ಟು ಮಂದಿಗೆ ಈ ಮಾತು ಗೊತ್ತಿದೆ?

ಹಾಡಿನ ಬಗ್ಗೆ ಅಭಿಮಾನಿಗಳು ಜಗಳವಾಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಜಗಳವಾಡಿದ್ದರಿಂದಲೇ ಕೆಲವು ಒಳಿತುಗಳಾಗಿವೆ. ವೇಲ್ಸ್ ದೇಶದ ರಗ್ಬಿ ಮೈದಾನದಲ್ಲಿ ಟಾಮ್ ಜೋನ್ಸ್‌ರ 'ಡಿಲೈಲಾ' ಎಂಬ ಹಾಡನ್ನು ದಶಕಗಳ ಕಾಲ ಹಾಡುತ್ತಿದ್ದರು. ಅದು ಪ್ರಿಯತಮೆಯನ್ನು ಕೊಂದವನ ಹಾಡು. ಹೆಣ್ಣಿನ ಕೊಲೆಯನ್ನು ನಾವೇಕೆ ಸಂಭ್ರಮದಿಂದ ಹಾಡಬೇಕು ಎಂದು ಕೆಲವರು ಕೇಳಿದರು. 2023ರಲ್ಲಿ ಕಾರ್ಡಿಫ್ ಕ್ರೀಡಾಂಗಣದ ಆಡಳಿತವು ತನ್ನ ಗಾಯನ ತಂಡಗಳು ಅದನ್ನು ಹಾಡದಂತೆ ತಡೆಯಿತು. ಪ್ರೇಕ್ಷಕ ತಾನಾಗಿ ಹಾಡಿದರೆ ಅವನ ಬಾಯಿ ಹೊಲಿಯಲಿಲ್ಲ. ವ್ಯತ್ಯಾಸ ಗಮನಿಸಿ: ಜನರ ಗಂಟಲು ಬೇರೆ, ಸಂಘಟಕರ ಧ್ವನಿವರ್ಧಕ ಬೇರೆ. ಧ್ವನಿವರ್ಧಕಕ್ಕೆ ಜವಾಬ್ದಾರಿ ಇದೆ.

ನಮ್ಮಲ್ಲಿ ನಡೆಯುವ ಜಗಳ ಹೆಚ್ಚಾಗಿ ಭಾಷೆಯದ್ದು. ಕನ್ನಡದ ತಂಡಕ್ಕೆ ಕನ್ನಡದ ಹಾಡಿರಲಿ ಎಂಬ ಅಭಿಮಾನಿಗಳ ಬೇಡಿಕೆಯನ್ನು ನಾವು ಪೂರ್ಣ ಮನಸ್ಸಿನಿಂದ ಬೆಂಬಲಿಸುತ್ತೇವೆ. 2024ರ ಮಾರ್ಚ್‌ನಲ್ಲಿ 'ಬ್ಯಾಂಗಲೋರ್' ಹೋಗಿ 'ಬೆಂಗಳೂರು' ಬಂದದ್ದರ ಹಿಂದೆ ಈ ಒತ್ತಾಯವೂ ಇತ್ತು. ಕೊಪ್ಪಳದ ಮುಸ್ಲಿಮರು ಮನೆಯಲ್ಲಿ ದಖ್ಖನಿ ಮಾತಾಡಿದರೂ ಮೈದಾನದಲ್ಲಿ ಕನ್ನಡದಲ್ಲೇ ಬೈಯುತ್ತಾರೆ, ಕನ್ನಡದಲ್ಲೇ ಹಾಡುತ್ತಾರೆ. 'ಈ ಸಲ ಕಪ್ ನಮ್ದೇ' ಎಂಬ ಘೋಷಣೆಯನ್ನು ದಕ್ಷಿಣ ಆಫ್ರಿಕದ ಫಾಫ್ ಡುಪ್ಲೆಸಿಸ್ 2023ರಲ್ಲಿ 'ನಹೀ' ಎಂದು ತಪ್ಪಾಗಿ ಹೇಳಿದಾಗ ನಕ್ಕವರಲ್ಲಿ ಗಂಗಾವತಿಯ ಅಕ್ಕಿ ಗಿರಣಿಯ ಹಮಾಲರೂ ಇದ್ದರು, ನಾವೂ ಇದ್ದೆವು. ಆ ಘೋಷಣೆಯಲ್ಲಿ ಇರುವುದೇ 'ನಮ್ದು' ಎಂಬ ಮಾತು. ಅದರೊಳಗೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಆ ತನಕ ಯಾರೂ ಕೇಳಿರಲಿಲ್ಲ.

ನಮ್ಮ ಸೀಮೆಯ ಹಾಡುಗಳ ಇತಿಹಾಸವೂ ಹಾಗೆಯೇ. ಮೊಹರ್ರಮ್‌ನಲ್ಲಿ ರಿವಾಯತ್ ಪದ ಹಾಡುವವರಲ್ಲಿ ಮುಸ್ಲಿಮೇತರರೂ ಇದ್ದಾರೆ. ಆ ಆಚರಣೆಯ ಬಗ್ಗೆ ನಮಗೆ ಧಾರ್ಮಿಕ ಭಿನ್ನಾಭಿಪ್ರಾಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕರ್ಬಲಾದ ಶೋಕವನ್ನು ಕನ್ನಡದಲ್ಲಿ ಹಾಡುವ ಆ ಹಿರಿಯರು ಹಾಡನ್ನು ಯಾರ ಮುಖಕ್ಕೂ ಎಸೆದದ್ದನ್ನು ನಾವು ಕಂಡಿಲ್ಲ.

ಇನ್ನು ನಮ್ಮ ಸಮುದಾಯದ ಯುವಕರಿಗೆ ಎರಡು ಮಾತು. ಅಂದು ಆ ಹೊಲದಲ್ಲಿ ಡಿಜೆಗೆ ಪ್ರತಿಯಾಗಿ ನಮ್ಮ ಕೆಲವು ಹುಡುಗರು ತಕ್ಬೀರ್ ಕೂಗಿದರು. ಅಲ್ಲಾಹನ ಮಹಾನತೆಯನ್ನು ಸಾರುವ ಮಾತು ಒಂದು ವೈಡ್ ಬಾಲ್‌ಗೆ ಪ್ರತೀಕಾರವಾಗಬೇಕೇ? ಅವರು ಮಾಡಿದ್ದು ತಪ್ಪೆಂದ ಬಾಯಲ್ಲೇ ಅದನ್ನೇ ಮಾಡಿದರೆ ನಮ್ಮ ವಾದಕ್ಕೆ ಉಳಿಯುವುದೇನು? ಇನ್ನೊಂದು ವಿಷಯ. ನಾವು ಇಷ್ಟು ಪ್ರೀತಿಯಿಂದ ಹಾಡುವ ಆರ್‌ಸಿಬಿಯ ಹೆಸರು ಬಂದದ್ದು ಒಂದು ವಿಸ್ಕಿಯಿಂದ. 2008ರಲ್ಲಿ ವಿಜಯ್ ಮಲ್ಯ 11.16 ಕೋಟಿ ಡಾಲರಿಗೆ ತಂಡ ಕೊಂಡು ಆ ಹೆಸರಿಟ್ಟರು. ಮದ್ಯ ನಿಷಿದ್ಧವೆಂದು ಜುಮಾ ಭಾಷಣ ಕೇಳಿ ಬಂದವನು ಸಂಜೆ ಅದರ ಜಾಹೀರಾತಿಗೆ ಕೋರಸ್ ಆಗುತ್ತಾನೆ. ಆಟವನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ. ದಕ್ಷಿಣ ಆಫ್ರಿಕದ ಹಾಶಿಮ್ ಆಮ್ಲ ಮದ್ಯ ಕಂಪೆನಿಯ ಲಾಂಛನವಿಲ್ಲದ ಜೆರ್ಸಿ ತೊಟ್ಟೇ ಸಾವಿರಾರು ರನ್ ಹೊಡೆದರು, ಅವರ ಮಂಡಳಿ ಒಪ್ಪಿತು. 2022ರ ಜನವರಿಯಲ್ಲಿ ಹೋಬರ್ಟ್‌ನಲ್ಲಿ ಆ್ಯಶಸ್ ಗೆದ್ದಾಗ ಶಾಂಪೇನ್ ಚಿಮ್ಮಿಸುತ್ತಿದ್ದ ಸಂಗಾತಿಗಳನ್ನು ನಾಯಕ ಪ್ಯಾಟ್ ಕಮಿನ್ಸ್ ತಡೆದು, ದೂರ ನಿಂತಿದ್ದ ಉಸ್ಮಾನ್ ಖ್ವಾಜಾರನ್ನು ಕರೆದು ಫೋಟೋಕ್ಕೆ ನಿಲ್ಲಿಸಿದರು. ಒಬ್ಬನಿಗಾಗಿ ಸಂಭ್ರಮ ಒಂದು ಕ್ಷಣ ನಿಂತಿತು. ಯಾರಿಗೂ ನಷ್ಟವಾಗಲಿಲ್ಲ. ಮೈದಾನದಲ್ಲಿ ನಾವು ಕೇಳುತ್ತಿರುವುದು ಇಷ್ಟನ್ನೇ.

ಸಂಭ್ರಮ ನಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2025ರ ಜೂನ್ 4 ತೋರಿಸಿತು. ಹಿಂದಿನ ರಾತ್ರಿ ಪಂಜಾಬ್ ಕಿಂಗ್ಸನ್ನು 6 ರನ್ನಿನಿಂದ ಸೋಲಿಸಿ ಆರ್‌ಸಿಬಿ ಹದಿನೆಂಟನೇ ಸಲಕ್ಕೆ ಕಪ್ ಗೆದ್ದಿತ್ತು. ಮರುದಿನ ಸುಮಾರು 35 ಸಾವಿರ ಮಂದಿ ಹಿಡಿಸುವ ಚಿನ್ನಸ್ವಾಮಿಯ ಹೊರಗೆ ಲಕ್ಷಾಂತರ ಜನ. ಗೇಟಿನ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಅವರಲ್ಲಿ ಶಾಲೆಗೆ ಹೋಗುವ ಮಕ್ಕಳೂ ಇದ್ದರು. ಹೊರಗೆ ಹೆಣ ಬೀಳುತ್ತಿದ್ದಾಗ ಒಳಗೆ ವಿಜಯೋತ್ಸವ ನಡೆಯುತ್ತಲೇ ಇತ್ತು. ಪೊಲೀಸರ ಅನುಮತಿಯಿಲ್ಲದೆ ಸಾಮಾಜಿಕ ಜಾಲತಾಣದಲ್ಲಿ ಜನರನ್ನು ಕರೆದ ತಂಡವೇ ಮೇಲ್ನೋಟಕ್ಕೆ ಹೊಣೆ ಎಂದು ಜುಲೈಯಲ್ಲಿ ಕೇಂದ್ರೀಯ ಆಡಳಿತ ನ್ಯಾಯಮಂಡಳಿ ಹೇಳಿತು. ಘೋಷಣೆ ಅಪಶಕುನವೇ, ಹಾಡು ಕನ್ನಡದ್ದೇ ಹಿಂದಿಯದ್ದೇ ಎಂದು ವರ್ಷಗಟ್ಟಲೆ ಚರ್ಚಿಸಿದ ನಾವು, ಗೇಟು ಎಷ್ಟು ಅಗಲವಿದೆ ಎಂದು ಒಮ್ಮೆಯೂ ಚರ್ಚಿಸಿರಲಿಲ್ಲ. ಸತ್ತವರಲ್ಲಿ ಯಾರು ಯಾವ ಹಾಡು ಹಾಡುತ್ತಿದ್ದರು ಎಂದು ಆಸ್ಪತ್ರೆಯ ಬಾಗಿಲಲ್ಲಿ ಯಾರಾದರೂ ಕೇಳಿದರೇ?

ನಮ್ಮ ತಾಲೂಕುಗಳ ಟೂರ್ನಮೆಂಟ್ ಸಂಘಟಕರು ದೊಡ್ಡ ಆದರ್ಶಗಳನ್ನು ಹೊರಬೇಕಾಗಿಲ್ಲ. ಡಿಜೆಯವನಿಗೆ ಮುಂಗಡ ಕೊಡುವಾಗಲೇ ಆಟಗಾರನ ಹೆಸರು ನೋಡಿ ಹಾಡು ಬದಲಿಸಬೇಡ ಎಂದು ಹೇಳಲಿ. ಯಾವ ಧರ್ಮದ ಘೋಷಣೆಯೂ ಮೈಕಿನಿಂದ ಬರದಿರಲಿ, ನಮ್ಮದೂ ಸೇರಿ. ರಾತ್ರಿ ಹತ್ತಕ್ಕೆ ಪೆಟ್ಟಿಗೆ ಬಂದ್ ಆಗಲಿ, ಅದು ಹೇಗೂ 2000ನೇ ಇಸವಿಯಿಂದ ಕಾನೂನೇ ಆಗಿದೆ. ಬೆಟ್ಟಿಂಗಿನವರಿಂದ ಬಹುಮಾನದ ಹಣ ಪಡೆಯದಿರಲಿ. ಕುಡಿಯುವ ನೀರಿನ ಒಂದು ಟ್ಯಾಂಕರ್ ನಿಲ್ಲಿಸಲಿ.

ಅದೇ ಹೊಲದ ಮುಂದಿನ ಟೂರ್ನಮೆಂಟಿನ ಕರಪತ್ರ ಈಗ ನಮ್ಮ ಮುಂದಿದೆ. ಬಹುಮಾನದ ಮೊತ್ತ, ಪ್ರವೇಶ ಶುಲ್ಕ, ಯಾವ ಚೆಂಡು, ಅಂಪೈರರ ತೀರ್ಮಾನವೇ ಅಂತಿಮ ಎಂಬುದೆಲ್ಲ ಅಚ್ಚಾಗಿದೆ. ಕೊನೆಯಲ್ಲಿ ದಪ್ಪ ಅಕ್ಷರಗಳಲ್ಲಿ 'ಡಿಜೆ ಇರುತ್ತದೆ' ಎಂದಿದೆ. ಆ ಸಾಲಿನ ಕೆಳಗೆ ಇನ್ನೊಂದು ಸಾಲಿಗೆ ಜಾಗವಿದೆ. ಚಹಾದಂಗಡಿಯಲ್ಲಿ ಪ್ರಶ್ನೆ ಕೇಳಿದ ಆ ಯುವಕನನ್ನೂ ಕರೆದುಕೊಂಡು ಈ ವಾರ ಸಂಘಟಕರ ಮನೆಗೆ ಹೋಗಲಿದ್ದೇವೆ.